ಮಳೆ ಹೊಯ್ಯುವ ನಾಡಿಗೆ ಹಸಿವು ಬಂದದ್ದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಳೆಗೆ ಕೊರತೆಯೆಂಬುದೇ ಇಲ್ಲ. ಆದರೂ ತೊಂಬತ್ತು ದಾಟಿದ ನಮ್ಮ ಅಜ್ಜಿ, ಬರದ ಕಾಲದಲ್ಲಿ ಬೈನೆ ಮರದ ಹಿಟ್ಟು ತಿಂದು ಜೀವ ಹಿಡಿದುಕೊಂಡೆವು ಎನ್ನುತ್ತಾರೆ. ಈಗಲೂ ಅಕ್ಕಿ ಆರಿಸುವಾಗ ನೆಲಕ್ಕೆ ಬಿದ್ದ ಕಾಳನ್ನು ಬೆರಳಿಗೆ ಅಂಟಿಸಿಕೊಂಡು ಎತ್ತಿ ಮೊರಕ್ಕೆ ಹಾಕುತ್ತಾರೆ. ಮಳೆ ಇಲ್ಲದಿದ್ದರೆ ತಾನೆ ಬರ? ಮಲೆನಾಡಿಗೆ ಕ್ಷಾಮ ನಿಜವಾಗಿಯೂ ಬಂದಿತ್ತೇ? ಕ್ಷಾಮಕ್ಕೆ ಕಾರಣಗಳೇನು, ಅದು ಜನರ ನಡುವಿನ ಬದುಕನ್ನು ಹೇಗೆ ಬದಲಿಸುತ್ತದೆ, ಮತ್ತೆ ಬರಬಹುದೇ? (ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ‘ಬರ’ ಮತ್ತು ‘ಕ್ಷಾಮ’ ಎಂಬೆರಡು ಪದಗಳು ಒಂದೇ ಅರ್ಥದಲ್ಲಿ ಬಂದಿವೆ. ಮಾತಿನಲ್ಲಿ ನಾವೆಲ್ಲರೂ ಹಾಗೆಯೇ ಬಳಸುತ್ತೇವೆ. ಆದರೆ ಉತ್ತರದ ಅರ್ಧ ಭಾಗ ಇವನ್ನು ಬೇರ್ಪಡಿಸುವುದರಲ್ಲೇ ಇದೆ. ‘ಬರ’ ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ಶಕಟರೇಫ ಹಾಕಿ ‘ಬಱ’ ಎಂದು ಬರೆಯುತ್ತಿದ್ದರು. ‘ಬರಡು’ ಎಂಬ ಪದದ ಬಳಗಕ್ಕೆ ಸೇರಿದ ಇದು ನೆಲ ಒಣಗಿದ್ದನ್ನು ಹೇಳುತ್ತದೆ. ಸಂಸ್ಕೃತದಿಂದ ಬಂದ ‘ಕ್ಷಾಮ’ ಹೇಳುವುದು ಸೊರಗಿ ಬಡಕಲಾದ ಮೈಯನ್ನು. ಮೂರನೆಯ ಪದ ‘ದುರ್ಭಿಕ್ಷ’. ಭಿಕ್ಷೆ ಹುಟ್ಟದ ಕಾಲ, ಎಂದರೆ ಬೇಡಿದರೂ ಕೊಡುವ ಕೈ ಕಾಣದ ಕಾಲ ಎಂದು ಅದರ ಅರ್ಥ. ನೆಲಕ್ಕೆ ಬರ ಬಂದ ಮಾತ್ರಕ್ಕೆ ಮೈಗೆ ಕ್ಷಾಮ ಬರಲೇಬೇಕೆಂದಿಲ್ಲ. ಹಾಗೆಯೇ ಹಳ್ಳಕೊಳ್ಳ ತುಂಬಿ ಹರಿಯುತ್ತಿರುವಾಗಲೂ ಮೈ ಕ್ಷಾಮಕ್ಕೆ ಸಿಕ್ಕಬಹುದು. ನಿಮ್ಮ ಅಜ್ಜಿ ಹೇಳುತ್ತಿರುವುದು ಈ ಎರಡನೆಯ ಸಂಗತಿಯನ್ನು.

ಮೊದಲನೆಯದಕ್ಕೆ ಉದಾಹರಣೆ ದೂರದಲ್ಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು; ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬೆಳೆ ಹೋಯಿತು, ಸಾಲ ಏರಿತು, ಬೋರ್‌ವೆಲ್ ಬತ್ತಿದವು. ಆದರೆ ಯಾವ ಊರಿನಲ್ಲಿಯೂ ಗಂಜಿಕೇಂದ್ರದ ಮುಂದೆ ಜನ ಸಾಲುಗಟ್ಟಿ ಕೂತು ಸಾಯಲಿಲ್ಲ. ಅದು ಬರವೇ ಹೊರತು ಕ್ಷಾಮವಲ್ಲ. ಇದೇ ಬರ ನೂರೈವತ್ತು ವರ್ಷಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ರಾಜ್ಯದ್ದೇ ದಾಖಲೆಯಿದೆ.

1876ರಿಂದ 1878ರವರೆಗಿನ ಆ ಕಾಲವನ್ನು ಹಿರಿಯರು ಸಂವತ್ಸರದ ಹೆಸರಿನಿಂದ ‘ಧಾತು ಈಶ್ವರದ ಬರ’ ಎಂದು ನೆನೆಯುತ್ತಿದ್ದರು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ, 1881ರ ಗಣತಿಯಲ್ಲಿ 41.86 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಸುಮಾರು ಎಂಟೂಮುಕ್ಕಾಲು ಲಕ್ಷ ಕುಗ್ಗಿತು. ಸತತವಾಗಿ ಮಳೆ ತಪ್ಪಿದ್ದು ನಿಜ, ಆದರೆ ಹಣ ಕೊಟ್ಟವರಿಗೆ ಧಾನ್ಯ ಸಿಗುತ್ತಿತ್ತು ಎಂಬುದೂ ಅಷ್ಟೇ ನಿಜ. ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ ರೈಲು 1864ರಲ್ಲೇ ಬಂದಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಎತ್ತಿಗೇ ಮೇವಿಲ್ಲದ ಮೇಲೆ ಗಾಡಿ ಎಳೆಯುವವರು ಯಾರು? ಇನ್ನು, ಗಾಡಿ ಊರಿಗೆ ಬಂದರೂ ಕೂಲಿಯೇ ಹುಟ್ಟದ ಮನುಷ್ಯ ಏರಿದ ಬೆಲೆಗೆ ರಾಗಿಯನ್ನು ಕೊಳ್ಳುವುದಾದರೂ ಯಾವುದರಿಂದ? ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಬರಪರಿಹಾರದ ಕಾಮಗಾರಿಯಾಗಿ ಆರಂಭವಾದದ್ದು ಈ ಹಿನ್ನೆಲೆಯಲ್ಲಿ. ನೆರೆಯ ಮದರಾಸು ಪ್ರಾಂತ್ಯದಲ್ಲಂತೂ ಬ್ರಿಟಿಷ್ ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದರು. ದಿನವಿಡೀ ಮಣ್ಣು ಹೊರುವವನಿಗೆ ಅಷ್ಟು ಸಾಲದೆಂದು ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪಟ್ಟುಹಿಡಿದು ವಿರೋಧಿಸಿದ ಮೇಲೆಯೇ ಆ ಕೂಲಿ ಸಡಿಲವಾದದ್ದು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪು ತಿಳಿಯುವ ಇನ್ನೊಂದು ಅಂಶವಿದೆ. ಕ್ಷಾಮದಲ್ಲಿ ಹಸಿದು ಸತ್ತವರೆಂದು ನಾವು ಹೇಳುವವರಲ್ಲಿ ಬಹುಪಾಲು ಜನ ಸತ್ತದ್ದು ಕಾಲರಾ, ಆಮಶಂಕೆ, ಸಿಡುಬು ಮತ್ತು ಚಳಿಜ್ವರಗಳಿಂದ. ಮೈಯಲ್ಲಿ ಕಸುವಿಲ್ಲದಾಗ ಬಂದ ರೋಗ ಹೊರಳಿ ಹೋಗುವುದಿಲ್ಲ. ಸಾವು ಮಳೆ ಬಂದೊಡನೆ ನಿಲ್ಲುವುದೂ ಇಲ್ಲ. 1877ರ ಕೊನೆಯಲ್ಲಿ ಮಳೆ ಮರಳಿದಾಗ ನಿಂತ ನೀರಿನಲ್ಲಿ ಸೊಳ್ಳೆ ಎದ್ದು, ಬಡಕಲು ಮೈಗಳ ಮೇಲೆ ಜ್ವರ ಎರಗಿತು. ಹೊಲ ಹಸಿರಾದ ಮೇಲೆ ಸತ್ತವರ ಲೆಕ್ಕವನ್ನು ಬರದ ಲೆಕ್ಕಕ್ಕೆ ಸೇರಿಸದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ.

ಆ ಕ್ಷಾಮ ಕೋಲಾರ, ತುಮಕೂರು, ಚಿತ್ರದುರ್ಗಗಳ ಕಡೆ ಬಿದ್ದ ಭಾರದಲ್ಲಿ ಮಲೆನಾಡಿನ ಮೇಲೆ ಬೀಳಲಿಲ್ಲ. ಘಟ್ಟದ ನೆತ್ತಿಯ ಮೇಲೆ ಮಳೆ ಪೂರ್ತಿ ತಪ್ಪುವುದು ಅಪರೂಪ. ಇವತ್ತಿನ ಅಳತೆಯಲ್ಲಿ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾದರೆ, ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗ ಪೇಟೆಗೆ ಸಾವಿರದ ಆಸುಪಾಸು. ಹಾಗಾಗಿ ಜಿಲ್ಲೆಯ ಮೂಡಣ ಸೆರಗಿನವರ ನೆನಪಿನ ಬರವೂ ನಿಮ್ಮ ಹೊಸನಗರದವರ ನೆನಪಿನ ಬರವೂ ಒಂದೇ ಅಲ್ಲ. ನಿಮ್ಮ ಅಜ್ಜಿಯ ವಯಸ್ಸನ್ನು ನೋಡಿದರೆ ಅವರು ಹೇಳುತ್ತಿರುವುದು 1940ರ ದಶಕದ ಮಾತಿರಬೇಕು. ಆ ದಶಕವನ್ನು ಅರಿಯಬೇಕಾದರೆ ಒಮ್ಮೆ ಬಂಗಾಳದ ಕಡೆ ನೋಡಿಬರಬೇಕು.

1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಬಾಲಕರಾಗಿದ್ದಾಗ ಶಾಂತಿನಿಕೇತನದಲ್ಲಿ ಅದನ್ನು ಕಣ್ಣಾರೆ ಕಂಡಿದ್ದ ಅಮರ್ತ್ಯ ಸೇನರು ಮುಂದೆ ಅರ್ಥಶಾಸ್ತ್ರಜ್ಞರಾಗಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳವಾದ ಲೆಕ್ಕ ಮುಂದಿಟ್ಟರು: 1943ರಲ್ಲಿ ಬಂಗಾಳದಲ್ಲಿದ್ದ ಅಕ್ಕಿ, ಕ್ಷಾಮವೇ ಇರದಿದ್ದ 1941ರಲ್ಲಿದ್ದ ಅಕ್ಕಿಗಿಂತ ಕಡಿಮೆಯಿರಲಿಲ್ಲ. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಸತ್ತವರು ಯಾರೆಂಬುದರಲ್ಲಿ ತಕರಾರಿಲ್ಲ. ಯುದ್ಧದ ಖರ್ಚಿನಿಂದ ಕಲ್ಕತ್ತೆಯಲ್ಲಿ ಹಣ ಹರಿದಾಡಿ ಅಕ್ಕಿಯ ಬೆಲೆ ಏರಿತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತು. ಸತ್ತವರು ಬೇಸಾಯದ ಕೂಲಿಗಳು, ದೋಣಿ ಕಳೆದುಕೊಂಡ ಬೆಸ್ತರು, ಹಳ್ಳಿಯ ಕ್ಷೌರಿಕರು, ಕುಶಲಕರ್ಮಿಗಳು. ಸ್ವಂತ ಗದ್ದೆಯಲ್ಲಿ ಬೆಳೆದುಣ್ಣುವವರೂ ಕಲ್ಕತ್ತೆಯಲ್ಲಿ ಸಂಬಳ ಎಣಿಸುವವರೂ ಬಹುಮಟ್ಟಿಗೆ ಉಳಿದುಕೊಂಡರು. ಒಬ್ಬ ಮನುಷ್ಯನಿಗೆ ಅನ್ನ ದಕ್ಕುವ ದಾರಿಗಳು ಹೆಚ್ಚೇನಿಲ್ಲ: ತಾನೇ ಬೆಳೆಯಬೇಕು, ದುಡಿದು ಕೊಳ್ಳಬೇಕು, ಇರುವುದನ್ನು ಮಾರಿ ತರಬೇಕು, ಇಲ್ಲವೇ ನಂಟರೋ ಸರ್ಕಾರವೋ ಕೊಡಬೇಕು. ಈ ದಾರಿಗಳೆಲ್ಲ ಒಟ್ಟಿಗೆ ಮುಚ್ಚಿದವನು ತುಂಬಿದ ಕಣಜದ ಪಕ್ಕದಲ್ಲೇ ಸಾಯುತ್ತಾನೆ. ಯಾವ ಕ್ಷಾಮದ ಕಾರಣವನ್ನು ಹುಡುಕುವಾಗಲೂ ಅಕ್ಕಿ ಎಷ್ಟಿತ್ತು ಎಂದು ಕೇಳಿ ನಿಲ್ಲಿಸದೆ, ಆ ಅಕ್ಕಿಯ ಮೇಲೆ ಯಾರಿಗೆ ಹಕ್ಕಿತ್ತು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಹಿಡಿದುಕೊಂಡು ಮಲೆನಾಡಿಗೆ ಹಿಂದಿರುಗೋಣ. ನಮ್ಮ ಮನೆಯ ಅಟ್ಟದಲ್ಲಿ ಹಿತ್ತಾಳೆಯ ಪಟ್ಟಿ ಬಿಗಿದ ಮರದ ಕೊಳಗವೊಂದಿದೆ. ಬಾಯಿ ಸವೆದು ನುಣ್ಣಗಾಗಿದೆ. ಕೊಳಗದಲ್ಲಿ ಭತ್ತ ಅಳೆಯುವುದಕ್ಕೆ ಎರಡು ಬಗೆಗಳಿವೆ. ತುಂಬಿ, ಕೋಲಿನಿಂದ ಬಾಯಿ ಸವರಿ ಸಮ ಮಾಡುವುದು ಒಂದು. ಇನ್ನು ಒಂದು ಕಾಳು ಹಾಕಿದರೂ ಜಾರುತ್ತದೆ ಎಂಬಷ್ಟರವರೆಗೆ ಗೋಪುರದ ಹಾಗೆ ರಾಶಿ ಏರಿಸುವುದು ಇನ್ನೊಂದು. ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುತ್ತಾನೆ. ಯಾರ ಲಾಭ ಎಂಬುದು ಕೊಳಗ ಯಾರ ಮನೆಯದು ಎಂಬುದರ ಮೇಲೆ ನಿಂತಿತ್ತು.

ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಲೆಕ್ಕಕ್ಕೆಂದು, ಒಂದು ಒಕ್ಕಲು ಮನೆ ಒಡೆಯರಿಗೆ ವರ್ಷಕ್ಕೆ 20 ಖಂಡುಗ ಗೇಣಿ ಕೊಡಬೇಕಿತ್ತು ಎಂದಿಟ್ಟುಕೊಳ್ಳಿ. ಅದು 400 ಕೊಳಗ. ಒಡೆಯರ ಮನೆಯ ಕೊಳಗ ಸರ್ಕಾರಿ ಅಳತೆಗಿಂತ ಎಂಟನೆಯ ಒಂದು ಪಾಲು ದೊಡ್ಡದಾಗಿದ್ದರೆ, ಕಾಗದದ ಮೇಲೆ ಗೇಣಿ ಒಂದು ಕಾಳೂ ಹೆಚ್ಚದೆ, ಕಣದಿಂದ 50 ಕೊಳಗ ಭತ್ತ ಹೆಚ್ಚಿಗೆ ಹೋಗುತ್ತದೆ. ದಿನಕ್ಕೆ ಅರ್ಧ ಕೊಳಗ ಕುಟ್ಟಿಕೊಳ್ಳುವ ಮನೆಗೆ ಅದು ನೂರು ದಿನಗಳ ಊಟ. ನೂರು ದಿನವೆಂದರೆ ಹೆಚ್ಚುಕಡಿಮೆ ಆರಿದ್ರೆ ಮಳೆ ಹಿಡಿದಲ್ಲಿಂದ ಉತ್ತರೆ ಮಳೆ ಮುಗಿಯುವವರೆಗೆ. ಮಲೆನಾಡಿನ ಹಳೆಯ ತಲೆಮಾರಿನವರನ್ನು ಕೇಳಿ ನೋಡಿ, ಅವರು ಹಸಿವಿನ ಕಾಲವೆಂದು ತೋರಿಸುವುದು ಬೇಸಿಗೆಯನ್ನಲ್ಲ, ಸರಿಯಾಗಿ ಈ ನೂರು ದಿನಗಳನ್ನು. ಪುನರ್ವಸು, ಪುಷ್ಯ ಮಳೆಗಳು ಜಡಿ ಹಿಡಿದು ಹೊಯ್ಯುತ್ತಿರುವಾಗ ಹಳೆಯ ಭತ್ತ ಪಣತದ, ಎಂದರೆ ಕಣಜದ, ತಳ ಕಂಡಿರುತ್ತದೆ, ಹೊಸ ಪೈರು ಇನ್ನೂ ಗೇಣುದ್ದ ಇರುತ್ತದೆ, ನಾಟಿ ಮುಗಿದ ಮೇಲೆ ಕೂಲಿಯೂ ಇರುವುದಿಲ್ಲ. ಆಗ ದೊಡ್ಡಮನೆಗೆ ಹೋಗಿ ಸಾಲದ ಭತ್ತ ತರಬೇಕು. ಅದನ್ನು ಸುಗ್ಗಿಯಲ್ಲಿ ಕಾಲು ಪಾಲೋ ಅರ್ಧ ಪಾಲೋ ಸೇರಿಸಿ ತೀರಿಸಬೇಕು. ಹಾಗೆ ತೀರಿಸಿದ್ದರಿಂದಲೇ ಮುಂದಿನ ಮಳೆಗಾಲಕ್ಕೆ ಪಣತ ಇನ್ನೂ ಬೇಗ ಬರಿದಾಗುತ್ತದೆ. ಮಳೆಗೂ ಈ ಹಸಿವಿಗೂ ಇದ್ದ ಸಂಬಂಧ ಇಷ್ಟೇ: ಮಳೆ ಚೆನ್ನಾಗಿ ಬಂದಷ್ಟೂ ಮನೆಯಿಂದ ಹೊರಬಿದ್ದು ದುಡಿಯುವ ದಿನಗಳು ಕಡಿಮೆಯಾಗುತ್ತಿದ್ದವು.

ಕೊಳಗದ ಮಾತನ್ನು ನಾನು ಸುಮ್ಮನೆ ಕಟ್ಟಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು, ಸತ್ಯಾಗ್ರಹಕ್ಕೆ ಇಳಿದಾಗ ಅವರ ಮುಖ್ಯ ತಕರಾರುಗಳಲ್ಲಿ ಒಂದು ಈ ಕೊಳಗದ ಗಾತ್ರವೇ ಆಗಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಅದರ ಬೆನ್ನಿಗಿತ್ತು. ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಈ ಚಳವಳಿಯನ್ನು ರಾಜಕೀಯ ಇತಿಹಾಸದ ಅಧ್ಯಾಯವಾಗಿ ಮಾತ್ರ ಓದಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಹಸಿವಿನ ಇತಿಹಾಸಕ್ಕೂ ಅಷ್ಟೇ ಸೇರಬೇಕಾದದ್ದು. ನಿಮ್ಮ ಸಂಶೋಧನೆಗೆ ಅಲ್ಲೊಂದು ವಿಷಯ ಕಾದು ಕೂತಿದೆ.

ಯುದ್ಧದ ವರ್ಷಗಳಲ್ಲಿ ಈ ಹಳೆಯ ಏರ್ಪಾಡಿನ ಮೇಲೆ ಹೊಸ ಭಾರಗಳು ಬಿದ್ದವು. ಬರ್ಮಾ ಅಕ್ಕಿ ನಿಂತ ಪರಿಣಾಮ ಇಡೀ ದಕ್ಷಿಣ ಭಾರತಕ್ಕೆ ತಟ್ಟಿತು. ಧಾನ್ಯದ ಸಾಗಾಟಕ್ಕೆ ನಿಯಂತ್ರಣ ಬಂತು, ಪೇಟೆಗಳಿಗೆ ಪಡಿತರ ಒದಗಿಸಲು ಹಳ್ಳಿಗಳಿಂದ ಲೆವಿ ಭತ್ತ ಎತ್ತಲಾಯಿತು. ಲೆವಿ ಬೀಳುವುದು ಬೆಳೆದವನ ಮೇಲೆ ಎಂಬುದು ಕಾನೂನು; ಆದರೆ ಒಡೆಯರ ಪಣತದಲ್ಲಿ ಭತ್ತ ಕಡಿಮೆಯಾದಾಗ ಮೊದಲು ನಿಲ್ಲುವುದು ಒಕ್ಕಲಿಗೆ ಕೊಡುತ್ತಿದ್ದ ಸಾಲದ ಭತ್ತ. ಬರಗಾಲದಲ್ಲಿ ಅಧಿಕಮಾಸವೆಂಬಂತೆ ಇದರ ಜೊತೆಗೆ ಮಲೇರಿಯಾ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1940ರ ದಶಕದವರೆಗೂ ಮಲೆನಾಡಿನ ಎಷ್ಟೋ ಹಳ್ಳಿಗಳು ಚಳಿಜ್ವರಕ್ಕೆ ಸಿಕ್ಕಿ ಬರಿದಾದವು, ಗದ್ದೆಗಳು ಹಡ್ಡೆ ಬಿದ್ದವು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳ ಚಿತ್ರ ನಿಮ್ಮ ಅಜ್ಜಿಯ ಮನಸ್ಸಿನಲ್ಲಿಯೂ ಇರಬಹುದು. ನಾಟಿಯ ಹದಿನೈದು ದಿನ ಮನೆಯ ಇಬ್ಬರು ಕಂಬಳಿ ಹೊದ್ದು ನಡುಗುತ್ತ ಮಲಗಿದರೆ ಆ ವರ್ಷದ ಬೆಳೆ ಹೋದಂತೆಯೇ. ಬೆಳೆ ಹೋದರೆ ಮುಂದಿನ ಮಳೆಗಾಲದ ಜ್ವರಕ್ಕೆ ಮೈಯಲ್ಲಿ ತ್ರಾಣವಿರದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಗೋಡೆಗೋಡೆಗೂ ಡಿಡಿಟಿ ಸಿಂಪಡಿಸಿದ ಮೇಲೆ ಈ ಸುತ್ತು ಕಡಿಯಿತು. ಮಲೆನಾಡಿನ ಹಸಿವು ಕಡಿಮೆಯಾದದ್ದರಲ್ಲಿ ಡಿಡಿಟಿಯ ಪಾಲನ್ನು ಯಾರೂ ನೆನೆಯುವುದಿಲ್ಲ. ಅದರ ಅಡ್ಡಪರಿಣಾಮಗಳನ್ನು ಬಲ್ಲವನಾಗಿಯೂ ಈ ಮಾತನ್ನು ಹೇಳಬೇಕಾಗಿದೆ.

ಇನ್ನು ಬೈನೆ. ಬಗನಿ ಎಂದೂ ಕರೆಯುವ ಈ ಮರ ತಾಳೆಯ ಜಾತಿಯದು. ಕಳ್ಳು ಇಳಿಸುವ ಮರವೆಂದೇ ಈಗ ಹೆಚ್ಚು ಪರಿಚಿತ. ಹೊಂಬಾಳೆ ಬಿಡುವ ಮೊದಲು ಅದು ವರ್ಷಗಟ್ಟಲೆ ಪಿಷ್ಟವನ್ನು ಕಾಂಡದೊಳಗೆ ಕೂಡಿಟ್ಟುಕೊಳ್ಳುತ್ತದೆ. ಹಸಿವಿನ ಕಾಲದಲ್ಲಿ ಮರ ಕಡಿದು, ಹೊರಗಿನ ಕಬ್ಬಿಣದಂಥ ಕವಚವನ್ನು ಸೀಳಿ, ಒಳಗಿನ ತಿರುಳನ್ನು ಕೊಚ್ಚಿ, ಒನಕೆಯಲ್ಲಿ ಕುಟ್ಟಿ, ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಿದ್ದರು. ನಾರು ಮೇಲುಳಿದು, ಬೆಳ್ಳನೆಯ ಹಿಟ್ಟು ಪಾತ್ರೆಯ ತಳಕ್ಕೆ ಇಳಿಯುತ್ತದೆ. ಮೇಲಿನ ನೀರನ್ನು ಬಗ್ಗಿಸಿ, ಹಿಟ್ಟನ್ನು ಒಣಗಿಸಿ ಅಂಬಲಿಯನ್ನೋ ರೊಟ್ಟಿಯನ್ನೋ ಮಾಡುವುದು. ಮಳೆಗಾಲದಲ್ಲಿ ಒಣಗಿಸುವುದೆಲ್ಲಿ, ಒಲೆಯ ಮೇಲಿನ ಅಟ್ಟವೇ ಗತಿ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಅದು ಬರೀ ಪಿಷ್ಟ. ಬೇಳೆಕಾಳಿನ ಸತ್ತ್ವ ಅದರಲ್ಲಿಲ್ಲದ್ದರಿಂದ ಅದನ್ನೇ ನೆಚ್ಚಿಕೊಂಡ ಮಕ್ಕಳಿಗೆ ಕೈಕಾಲು ಬಾವು ಬರುವುದು ಸಹಜವಾಗಿತ್ತು. ಇದರ ಜೊತೆಗೆ ಕಾಡುಗೆಣಸು, ಕೆಸು, ಕಳಲೆ, ಹಲಸಿನ ಬೀಜ, ನೆನೆಸಿ ಕಹಿ ತೆಗೆದ ಮಾವಿನ ವಾಟೆಯ ಹಿಟ್ಟು ಇವೆಲ್ಲ ಇದ್ದವು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇಂದು ಹಬ್ಬದ ದಿನದ ವಿಶೇಷ. ಅದು ಹುಟ್ಟಿದ್ದು ಆಷಾಢದ ಅಭಾವದಿಂದಲೇ ಎಂಬುದು ನನ್ನ ಊಹೆ.

ಇಲ್ಲಿಯೂ ಹಕ್ಕಿನ ಪ್ರಶ್ನೆ ಬರುತ್ತದೆ, ಏಕೆಂದರೆ ಕಾಡು ಎಲ್ಲರದಾಗಿರಲಿಲ್ಲ. ಕಾಡು ಸವರಿ ಸುಟ್ಟು ರಾಗಿ, ಸಾಮೆ ಬಿತ್ತುವ ಕುಮರಿ ಬೇಸಾಯವನ್ನು ಮೈಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ತಡೆಯಲಾಯಿತು. ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆಯನ್ನು ಮುಂದೆ ಕಟ್ಟಿದ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ವೈದ್ಯನಾಗಿ ಶಿವಮೊಗ್ಗದಲ್ಲಿಯೇ ಇದ್ದವನು. ಮೀಸಲು ಅರಣ್ಯಗಳ ಗಡಿ ಎದ್ದ ಮೇಲೆ ಬೈನೆ ಕಡಿಯುವುದು, ಗೆಣಸು ಅಗೆಯುವುದು ಎಲ್ಲವೂ ಗಾರ್ಡಿನ ಕಣ್ಣು ತಪ್ಪಿಸಿ ಮಾಡಬೇಕಾದ ಕೆಲಸಗಳಾದವು. ಕಾಡನ್ನು ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹಸಿದವರ ಕೊನೆಯ ಉಗ್ರಾಣಕ್ಕೆ ಬೀಗ ಹಾಕುವಾಗ ಬದಲಿ ಉಗ್ರಾಣವನ್ನು ತೆರೆಯಲಿಲ್ಲ ಎನ್ನುತ್ತಿದ್ದೇನೆ.

ಬಿದಿರು ಹೂಬಿಟ್ಟರೆ ಬರ ಬರುತ್ತದೆ ಎಂಬ ನಂಬಿಕೆಯನ್ನು ನೀವೂ ಕೇಳಿರುತ್ತೀರಿ. ನಮ್ಮ ಹೆಬ್ಬಿದಿರು ನಲವತ್ತು–ಅರವತ್ತು ವರ್ಷಗಳಿಗೊಮ್ಮೆ ಹಿಂಡುಹಿಂಡಾಗಿ ಹೂತು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. ಅಕ್ಕಿ ಸಿಕ್ಕಿದ ವರ್ಷ ಬಡವರಿಗೆ ಸುಗ್ಗಿಯೇ. ಆದರೆ ಅದೇ ಅಕ್ಕಿ ತಿಂದು ಇಲಿಗಳು ಹೆಚ್ಚುತ್ತವೆ, ಬಿದಿರಕ್ಕಿ ಮುಗಿದ ಮೇಲೆ ಗದ್ದೆಗೂ ಪಣತಕ್ಕೂ ನುಗ್ಗುತ್ತವೆ. ಮಿಜೋ ಬೆಟ್ಟಗಳಲ್ಲಿ 1959ರ ಸುಮಾರಿಗೆ ಹೀಗೆಯೇ ಆಯಿತು. ಮುಂಚಿತವಾಗಿ ಎಚ್ಚರಿಸಿದರೂ ಸರ್ಕಾರ ಸಾಕಷ್ಟು ಮಾಡಲಿಲ್ಲವೆಂಬ ಸಿಟ್ಟಿನಲ್ಲಿ ಹುಟ್ಟಿದ ಕ್ಷಾಮ ಪರಿಹಾರ ಸಂಘಟನೆ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು, 1966ರಲ್ಲಿ ಬಂಡಾಯವೆದ್ದಿತು. ಒಪ್ಪಂದವಾಗಲು 1986 ಬರಬೇಕಾಯಿತು. ಹಸಿವಿನ ಸಾಮಾಜಿಕ ಪರಿಣಾಮಗಳ ಪಟ್ಟಿಯಲ್ಲಿ ಇಪ್ಪತ್ತು ವರ್ಷಗಳ ಬಂಡಾಯವೂ ಸೇರಬಹುದು ಎಂಬುದಕ್ಕೆ ಇದನ್ನು ಹೇಳಿದೆ.

ಆದರೆ ಹೆಚ್ಚಿನ ಪರಿಣಾಮಗಳು ಹಾಗೆ ಸದ್ದು ಮಾಡುವುದಿಲ್ಲ. ಹಸಿವು ಮನೆಯೊಳಗೆ ಒಂದು ಕ್ರಮದಲ್ಲಿ ನಡೆದುಬರುತ್ತದೆ. ಮೊದಲು ಊಟದ ಹೊತ್ತು ಕಡಿಮೆಯಾಗುತ್ತದೆ, ಅನ್ನ ಗಂಜಿಯಾಗುತ್ತದೆ, ಗಂಜಿ ತಿಳಿಯಾಗುತ್ತದೆ. ಗಂಡಸರು ಮತ್ತು ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದದ್ದು ಹೆಂಗಸರಿಗೆ. ಆಮೇಲೆ ಪಾತ್ರೆ, ಓಲೆ, ಮೂಗುತಿ ಗಿರವಿಗೆ ಹೋಗುತ್ತವೆ. ಎಲ್ಲರೂ ಒಟ್ಟಿಗೆ ಮಾರಲು ಹೊರಟದ್ದರಿಂದ ಅವಕ್ಕೆ ಬೆಲೆಯೂ ಇರುವುದಿಲ್ಲ. ಆಮೇಲೆ ಎತ್ತು. ಎತ್ತು ಮಾರಿದವನು ಮಳೆ ಬಂದರೂ ಉಳಲಾರ. ಕೊನೆಗೆ ಮನೆಯ ಹುಡುಗನನ್ನು ಸಾಲಕ್ಕೆ ಪ್ರತಿಯಾಗಿ ಜೀತಕ್ಕೆ ಬಿಡುವುದು. ಕ್ಷಾಮ ಎರಡು ವರ್ಷಕ್ಕೆ ಮುಗಿದರೂ ಜೀತ ಎರಡು ತಲೆಮಾರು ನಡೆಯುತ್ತಿತ್ತು. ಅದನ್ನು ಕಾನೂನು ಪೂರ್ತಿ ರದ್ದು ಮಾಡಿದ್ದು 1976ರಲ್ಲಿ. 1876–78ರ ನಂತರ ಮೈಸೂರಿನಲ್ಲಿ ಮಿಷನರಿಗಳ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳಿಗೆ ಜಾತಿ, ಊರು, ಮತ ಎಲ್ಲವೂ ಹೊಸದಾಗಿ ಹುಟ್ಟಿಕೊಂಡವು. ಎಲ್ಲ ಕ್ಷಾಮಗಳಲ್ಲಿಯೂ ಜನನಗಳು ಥಟ್ಟನೆ ಇಳಿಯುತ್ತವೆ. ಹೆಂಗಸರಿಗಿಂತ ಗಂಡಸರು ಹೆಚ್ಚು ಸಾಯುತ್ತಾರೆ. ಕೊನೆಯುಂಡವರು ಬದುಕುಳಿದದ್ದು ಹೇಗೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೆಂಗಸರ ಮೈಯಲ್ಲಿ ಕೊಬ್ಬಿನ ಶೇಖರಣೆ ಹೆಚ್ಚಿರುವುದು ಅದಕ್ಕೆ ಒಂದು ಕಾರಣ.

ಎಲ್ಲಕ್ಕಿಂತ ನಾನು ಗಮನ ಕೊಡುವುದು ‘ದುರ್ಭಿಕ್ಷ’ ಎಂಬ ಪದ ಹೇಳುವ ಬದಲಾವಣೆಗೆ. ನಿಮ್ಮ ಕಡೆ ಮನೆಗೆ ಯಾರೇ ಬಂದರೂ ‘ಆಸರಿಗೆ ಏನು ಬೇಕು’, ಎಂದರೆ ಕುಡಿಯಲು ಏನು ಬೇಕು, ಎಂದು ಕೇಳದೆ ಮಾತು ಶುರುವಾಗುವುದಿಲ್ಲ. ಹಸಿವಿನ ವರ್ಷಗಳನ್ನು ಕಂಡವರು ನನಗೆ ಹೇಳಿದ್ದು, ಆಗ ಊಟದ ಹೊತ್ತಿಗೆ ಮುಂಬಾಗಿಲು ಹಾಕಿಕೊಳ್ಳುತ್ತಿದ್ದರು, ಒಗ್ಗರಣೆಯ ಸದ್ದು ಆಚೆಮನೆಗೆ ಕೇಳಬಾರದೆಂದು ಒಗ್ಗರಣೆಯನ್ನೇ ಬಿಟ್ಟಿದ್ದರು ಎಂದು. ಅಣ್ಣತಮ್ಮಂದಿರು ಹಿಸೆಯಾದದ್ದು, ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳು ಮಾತು ಬಿಟ್ಟದ್ದು, ಇವುಗಳ ಹಿಂದೆ ಎಷ್ಟೋ ಸಲ ಇಂಥ ಒಂದು ಮಳೆಗಾಲ ಇರುತ್ತದೆ. ಜಗಳದ ಕಾರಣ ಕೇಳಿದರೆ ಬೇಲಿಯ ಮಾತು ಹೇಳುತ್ತಾರೆ. ಕೊಡದೇ ಉಳಿದ ಎರಡು ಸೇರು ಅಕ್ಕಿಯ ಮಾತನ್ನು ಹೇಳುವುದಕ್ಕೆ ಕೊಡದವರಿಗೂ ಬೇಡಿದವರಿಗೂ ನಾಚಿಕೆ.

ನಿಮ್ಮ ಅಜ್ಜಿ ಕಾಳು ಎತ್ತುವ ಬಗೆಗೂ ವಿವರಣೆಯಿದೆ. ಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೊಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ. ಅವರು ತಟ್ಟೆ ನೆಕ್ಕತೊಡಗಿದರು, ಅಡುಗೆಯ ಪುಸ್ತಕಗಳನ್ನು ಕೂಡಿಡತೊಡಗಿದರು, ಗೆಳೆತನ, ಹಾಸ್ಯ ಎಲ್ಲದರಲ್ಲೂ ಆಸಕ್ತಿ ಕಳೆದುಕೊಂಡರು. ಊಟ ಮರಳಿದ ಮೇಲೂ ಆ ಗೀಳು ಕೆಲವರನ್ನು ಬಹಳ ಕಾಲ ಬಿಡಲಿಲ್ಲ. ಅವರಿಗೆ ಆರು ತಿಂಗಳು ಮುಗಿದೊಡನೆ ಊಟ ಸಿಗುತ್ತದೆಂಬ ಖಾತ್ರಿಯಿತ್ತು. ಎಂಟು–ಹತ್ತು ವರ್ಷದ ಹುಡುಗಿಯೊಬ್ಬಳು ಯಾವ ಖಾತ್ರಿಯೂ ಇಲ್ಲದೆ ಕಳೆದ ಮಳೆಗಾಲಗಳು ಅವಳ ಬೆರಳಿನಲ್ಲಿ ಎಂಬತ್ತು ವರ್ಷ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ದಯವಿಟ್ಟು ಅದನ್ನು ಜಿಪುಣತನವೆಂದು ಮನೆಯಲ್ಲಿ ಯಾರೂ ನಗದಿರಲಿ.

ಮತ್ತೆ ಬರಬಹುದೇ ಎಂದು ಕೇಳಿದ್ದೀರಿ. ಹಳೆಯ ರೂಪದಲ್ಲಿ ಬರುವ ಸಂಭವ ಬಹಳ ಕಡಿಮೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ, ಡಿಕ್ಲರೇಷನ್ (ಗೇಣಿಯ ಹಕ್ಕಿನ ಅರ್ಜಿ) ಹಾಕಿದ ಗೇಣಿದಾರರಿಗೆ ಗದ್ದೆ ಸಿಕ್ಕಿತು. ಕೊಳಗ ಅಟ್ಟ ಸೇರಿತು. ಎಲ್ಲರಿಗೂ ಸಿಗಲಿಲ್ಲ. ಹೆಸರಿಗೆ ಗೇಣಿಯೂ ಇಲ್ಲದ ಕೂಲಿಗಳು ಹೊರಗುಳಿದರು. ಅದಕ್ಕೂ ಮೊದಲೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಗದ್ದೆ ಮುಳುಗಿಸಿಕೊಂಡವರ ಪಾಡು ಬೇರೆಯೇ ಕಥೆ. ಆದರೂ ಸುಪ್ರೀಂ ಕೋರ್ಟಿನ 2001ರ ಆದೇಶದ ನಂತರ ಶಾಲೆಗಳಲ್ಲಿ ಬಿಸಿಯೂಟ, 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ಐದು ಕಿಲೋ ಧಾನ್ಯ, ಅದೇ ವರ್ಷ ನಮ್ಮಲ್ಲಿ ಆರಂಭವಾದ ಅನ್ನಭಾಗ್ಯ, ಇವು ಸೇರಿ ಆರಿದ್ರೆಯಿಂದ ಉತ್ತರೆಯವರೆಗಿನ ಆ ನೂರು ದಿನಗಳನ್ನು ಬಹುಮಟ್ಟಿಗೆ ತುಂಬಿದವು. ಸೊಸೈಟಿ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂದು ತೋಟದ ಮಾಲೀಕರು ದೂರುವುದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮಳೆಗಾಲದಲ್ಲಿ ಸಾಲದ ಭತ್ತಕ್ಕಾಗಿ ಬಂದು ನಿಲ್ಲುತ್ತಿದ್ದವರು ಈಗ ಬರುವುದಿಲ್ಲ, ಕೂಲಿಯನ್ನು ಚೌಕಾಸಿ ಮಾಡುತ್ತಾರೆ. ದೂರಿನ ಒಳಗಿರುವುದು ಇದು.

ಉಳಿದಿರುವ ಹಸಿವು ಕಣ್ಣಿಗೆ ಬೀಳದ ಬಗೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ಅಕ್ಕಿಯೊಂದರಿಂದ ಇದು ನೀಗುವುದಿಲ್ಲ. ಬೈನೆ ಹಿಟ್ಟಿನ ಬಗ್ಗೆ ಹೇಳಿದ ಮಾತು ಬಿಳಿ ಅಕ್ಕಿಗೂ ಸ್ವಲ್ಪಮಟ್ಟಿಗೆ ಸಲ್ಲುತ್ತದೆ. ಇನ್ನೊಂದು ಅಂಶವನ್ನು ನಿಮ್ಮ ತಾಲ್ಲೂಕಿನಲ್ಲೇ ನೋಡಬಹುದು. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಲೆಕ್ಕ ಹಾಕಿದವರು ಯಾರೂ ಅದನ್ನು ತಪ್ಪೆನ್ನಲಾರರು, ಆದರೆ ಅಡಿಕೆ ಹೊಟ್ಟೆಗೆ ಆಗುವಂಥದ್ದಲ್ಲ; ಅದು ಅನ್ನವಾಗಬೇಕಾದರೆ ಮಂಡಿಯಲ್ಲಿ ದರ ನಿಲ್ಲಬೇಕು, ಎಲೆಚುಕ್ಕೆ ರೋಗ ತೋಟವನ್ನು ಬಿಡಬೇಕು. ಬೆಳೆದುಣ್ಣುವವರಾಗಿದ್ದ ನಾವು ಮಾರಿ ಉಣ್ಣುವವರಾಗಿದ್ದೇವೆ. ಬಂಗಾಳದ ಬೆಸ್ತರೂ ಮಾರಿ ಉಣ್ಣುವವರೇ ಆಗಿದ್ದರು. ಅವರಿಗಿಲ್ಲದ ಪಡಿತರ ಚೀಟಿ ನಮ್ಮ ಬಳಿ ಇದೆ ಎಂಬುದು ದೊಡ್ಡ ವ್ಯತ್ಯಾಸ. ಅದು ಇರುವವರೆಗೆ ಎಂಬ ಷರತ್ತೂ ಅದರೊಳಗೇ ಇದೆ.

ಅಜ್ಜಿಯ ಜೊತೆ ಕೂತಾಗ ‘ಬರ ಯಾವ ವರ್ಷ ಬಂತು’ ಎಂದು ಕೇಳಬೇಡಿ, ಇಸವಿ ಅವರಿಗೆ ಒದಗದು. ಯಾವ ಮಳೆ ನಕ್ಷತ್ರದಲ್ಲಿ ಭತ್ತ ಮುಗಿಯುತ್ತಿತ್ತು, ಯಾರ ಮನೆಯಿಂದ ಸಾಲ ತರುತ್ತಿದ್ದರು, ಯಾವ ಕೊಳಗದಲ್ಲಿ ತಂದು ಯಾವ ಕೊಳಗದಲ್ಲಿ ತೀರಿಸುತ್ತಿದ್ದರು, ಬೈನೆ ಮರ ಯಾರ ಜಾಗದಲ್ಲಿತ್ತು, ಕೊನೆಗೆ ಯಾರು ಉಣ್ಣುತ್ತಿದ್ದರು, ಆ ವರ್ಷ ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತು ಎಂದು ಕೇಳಿ. ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಹಿಟ್ಟಿನ ರುಚಿಯನ್ನೂ ಕೇಳಿ. ನಾನು ಕೇಳಿದವರಲ್ಲಿ ಒಬ್ಬರೂ ಈವರೆಗೆ ರುಚಿಯ ಬಗ್ಗೆ ಹೇಳಿದ್ದಿಲ್ಲ. ಗಂಟಲಿಗೆ ಅಂಟಿಕೊಳ್ಳುತ್ತಿತ್ತು, ನೀರು ಕುಡಿದು ಇಳಿಸಬೇಕಾಗಿತ್ತು ಎಂದಷ್ಟೇ ಹೇಳಿದ್ದಾರೆ.